ಇಪ್ಪತ್ತೊಂದನೆಯ ಹಾಳೆ

ಪ್ಲಾಸ್ಟಿಕ್ ಚೀಲದೊಳಗೆ ಇಪ್ಪತ್ತೊಂದನೆಯ ಹಾಳೆ:
ಉತ್ಸುನೊಯ ಕಣಿವೆದಾರಿ, ಮಳೆ,
ಹುಲ್ಲಿನ ಗೊರಬು ಹೊದ್ದ ಮೂವರು ಹೊರೆಯಾಳು,
ಎಡಕ್ಕೆ, ಮಗು ಕುಕ್ಕರುಗಾಲಲ್ಲಿ ಕೂತಂತೆ
ಒಂದು ಕರಿ ಕಲ್ಲು.

ಮೂಲೆಯಲ್ಲಿ ಚಿತ್ರಕಾರನ ಕೆಂಪು ಮುದ್ರೆ.
ಕೊರೆದವನ ಹೆಸರಿಲ್ಲ.
ಕೊರೆದವನು ನಮ್ಮವನು, ಮುತ್ತಜ್ಜನ ಅಜ್ಜ ಸೇರೊಕು.
ಎದೊ ಪಟ್ಟಣದ ನಾಲ್ಕು ಚಾಪೆಯ ಕೋಣೆಯಲ್ಲಿ
ಮಂಡಿ ಮಡಚಿ ಕೂತು
ಚೆರ್ರಿ ಹಲಗೆಯ ಮೇಲೆ ಮಳೆ ಕರೆದವನು;
ಈ ದಾರಿಯನ್ನು ಒಮ್ಮೆಯೂ ತುಳಿಯದವನು.

ಮಳೆಯ ಒಂದೆಳೆ ನಿಲ್ಲಬೇಕೆಂದರೆ
ಮಳೆಯಲ್ಲದ್ದನ್ನೆಲ್ಲ ಕೆತ್ತಿ ತೆಗೆಯಬೇಕು
ಅನ್ನುತ್ತಿದ್ದ ಅಪ್ಪ. ಆ ಕಸುಬು ಅಪ್ಪನಿಗೇ ನಿಂತಿತು.
ನಾನು ಶಿಜುಒಕದ ಅಂಚೆ ಕಚೇರಿಯಲ್ಲಿ
ಮೂವತ್ತೆಂಟು ವರ್ಷ ಮುದ್ರೆ ಒತ್ತಿದೆ.

ಇನ್ನೊಂದು ಮಾತು ನಮ್ಮ ಮನೆಯೊಳಗೇ ಇತ್ತು:
ಅದು ಕಲ್ಲಲ್ಲ. ಹಲಗೆಯಲ್ಲಿದ್ದ ಗಂಟು.
ಉಳಿಗೆ ಬಗ್ಗದೆ ಉಳಿದುಬಿಟ್ಟದ್ದು.
ಚಿತ್ರಕಾರ ರೇಗಿದನಂತೆ, ಹಾಳೆ ಹರಿದನಂತೆ,
ಅಂಗಡಿಯ ಯಜಮಾನ ಮಾತ್ರ
'ಕಲ್ಲು ಅಂದ್ಕೊಳ್ಳಿ, ಮಸಿ ಹಚ್ಚಿ' ಅಂದನಂತೆ.

ಮಾರಿಕೊದಲ್ಲಿ ತುರಿದ ಗೆಣಸು, ಬಾರ್ಲಿ ಅನ್ನ ಉಂಡು ಹೊರಟೆ.
ಲಾರಿಗಳು ಸುರಂಗಕ್ಕೆ ನುಗ್ಗುತ್ತಿದ್ದವು.
ಹಳೆ ದಾರಿ ಅವುಗಳ ನೆತ್ತಿಯ ಮೇಲೆ,
ಬಿದಿರ ನಡುವೆ, ಒಬ್ಬರು ಹಾಯುವಷ್ಟು.
ಬಿಸಿಲು. ಹಾಳೆಯೊಳಗಷ್ಟೇ ಮಳೆ.
ತಿರುವಿಗೊಮ್ಮೆ ಎತ್ತಿ ಹಿಡಿದು ನೋಡಿದೆ:
ಆ ಗುಡ್ಡ ಈ ಗುಡ್ಡವೆ?
ಒಂದೂ ಕೂಡಲಿಲ್ಲ. ಬೆಟ್ಟವನ್ನು ಆತ
ತನಗೆ ಬೇಕಾದಷ್ಟು ಎತ್ತರಿಸಿದ್ದ.

ಕಲ್ಲು ಇತ್ತು.

ಎಡಕ್ಕೇ. ಕುಕ್ಕರುಗಾಲಲ್ಲೇ.
ನೆತ್ತಿಯ ಮೇಲೆ ನಾಲ್ಕಾರು ಐದು ಯೆನ್ ನಾಣ್ಯ.
ಹಾಗಾದರೆ ಅಪ್ಪ, ಅವನಪ್ಪ, ಎಲ್ಲರೂ
ಸುಳ್ಳು ಹೇಳಿದರೆ?

ಪಕ್ಕದ ಜಗಲಿಯಲ್ಲಿ ಪರ್ಸಿಮನ್ ಸುಲಿಯುತ್ತಿದ್ದ
ಮೊಚಿಜುಕಿ ತೊಮೆ ಎಂಬ ಮುದುಕಿ ನಕ್ಕಳು.
'ಬಂದವರೆಲ್ಲ ಚಿತ್ರ ಹಿಡಿದು ಕೇಳೋರು, ಕಲ್ಲೆಲ್ಲಿ, ಕಲ್ಲೆಲ್ಲಿ.
ಹೇಳಿ ಹೇಳಿ ಸಾಕಾಗಿ ನಮ್ಮ ಮಾವ
ಹೊಳೆಯಿಂದ ಒಂದನ್ನ ಹೊರಿಸಿ ತಂದ.
ನಾಲ್ಕು ಆಳು. ಒಬ್ಬನ ಹೆಬ್ಬೆರಳಿನ ಉಗುರು ಹೋಯ್ತು.'

ಗಂಟಿನ ಕಥೆ ನಾಲಿಗೆಯ ತುದಿಗೆ ಬಂದಿತ್ತು.
ಆಕೆ ಒಂದು ಹೋಳು ಕೈಗಿತ್ತಳು.
ತಿಂದೆ.

ಹೋಗುವ ಮುನ್ನ ಬಾಟಲಿಯಲ್ಲಿ ಉಳಿದ ನೀರನ್ನು
ಕಲ್ಲಿನ ಮೇಲೆ ಸುರಿದೆ. ನಾಣ್ಯ ಜಾರಿದವು.
ಕಪ್ಪಾಯಿತು, ಹಾಳೆಯಲ್ಲಿದ್ದಷ್ಟೇ.

ನಾನು ಒಕಬೆ ಕಡೆ ಇಳಿಯುವ ಹೊತ್ತಿಗೆ
ಒಣಗಿರಬೇಕು.