ದಾರಿ ಬಿಡುವ ಕ್ರಮ

ಕಾಡಿನ ಬಾಯಲ್ಲಿ ಒಂದು ಹಳದಿ ಹಲಗೆ.
ತ್ರಿಕೋನ, ಮೂರು ಮೂಲೆಗೆ ಮೂವರು:
ನಡೆಯುವವ, ಸೈಕಲ್ಲಿನವ, ಕುದುರೆ.
ಯಾರು ಯಾರಿಗೆ ಸರಿಯಬೇಕೆಂದು ಬಾಣ ಬರೆದಿದ್ದಾರೆ.
ಸೈಕಲ್ಲು ಇಬ್ಬರಿಗೂ,
ಕಾಲು ಕುದುರೆಗೆ,
ಕುದುರೆ ಯಾರಿಗೂ ಇಲ್ಲ.

ವಾರಕ್ಕೈದು ದಿನ ಅಡಿಲೇಡಿನಲ್ಲಿ ಬಸ್ಸು ಓಡಿಸುವವಳು ನಾನು,
ಇಂಥ ಹಲಗೆ ಓದಲು ಅರೆಗಳಿಗೆ ಸಾಕು.
ಹನ್ನೆರಡು ಟನ್ನಿನ ಮೇಲೆ ಕೂತು
ಎಷ್ಟೋ ಜನರಿಗೆ ದಾರಿ ಬಿಟ್ಟಿದ್ದೇನೆ, ಬಿಡಿಸಿಕೊಂಡಿದ್ದೇನೆ.
ಇವತ್ತು ಮಂಗಳವಾರ, ರಜೆ.
ನನ್ನ ತೂಕ ಬರೀ ಅರವತ್ತೊಂದು ಕೇಜಿ,
ಬುತ್ತಿ ಬೇರೆ.

ಮೇ ತಿಂಗಳು. ಇಲ್ಲಿ ಅದು ಚಳಿ ಕಾಲಿಡುವ ಹೊತ್ತು.
ಸರ್ಕಾರ ನೆಟ್ಟ ಪೈನುಗಳು
ನೇರ ನೋಡಿದರೂ ಸಾಲು, ಓರೆ ನೋಡಿದರೂ ಸಾಲು.
ನಡುವೆ ಯಾರೂ ನೆಡದ ಒಂದು ನೀಲಗಿರಿ
ತೊಗಟೆ ಜೋಲುಬಿಟ್ಟು ನಿಂತಿದೆ,
ಲುಂಗಿ ಸಡಿಲಾಗಿದ್ದು ಗೊತ್ತಿದ್ದೂ ಕಟ್ಟಿಕೊಳ್ಳದವನ ಹಾಗೆ.
ಮೇಲೆ ಹಳದಿ ಬಾಲದ ಕಪ್ಪು ಕಾಕಟೂಗಳು
ಪೈನಿನ ಕಾಯಿ ಸುಲಿದು ಸಿಪ್ಪೆಯನ್ನು ನನ್ನ ಟೋಪಿಗೆ ಉದುರಿಸುತ್ತಿವೆ,
ಟಾಕೀಜಿನ ಬಾಲ್ಕನಿಯಲ್ಲಿ ಶೇಂಗಾ ತಿನ್ನುವವರಂತೆ.

ಗೊರಸಿನ ಗುಳಿಯಲ್ಲಿ ನಿನ್ನೆಯ ಮಳೆ.
ಗುಳಿಯ ಅಂಚು ಸೀಳಿ ಟೈರಿನ ಗೀಟು.
ಗೀಟಿನ ಮೇಲೆ ಯಾರದೋ ಮಗುವಿನ ಬೂಟು.

ತಿರುವಿನಲ್ಲಿ ಕುದುರೆ ಎದುರಾಯಿತು.
ಅದೇ ಗಳಿಗೆಗೆ ನನ್ನ ಬೆನ್ನ ಹಿಂದಿನಿಂದ,
ಗಂಟೆಯಿಲ್ಲ, ಸದ್ದಿಲ್ಲ, ಒಬ್ಬ ಹುಡುಗ,
ಬ್ರೇಕು, ಜಲ್ಲಿ, ಧೂಳು,
ಕುದುರೆ ಅಡ್ಡಡ್ಡ ಕುಣಿದು
ಅದರ ಕಣ್ಣಿನ ಬಿಳಿ ನನಗೇ ಕಂಡಿತು.

“ಮಾತಾಡು!” ಅಂದಳು ಮೇಲಿದ್ದ ನರೆಜಡೆಯ ಹೆಂಗಸು,
“ಏನಾದರೂ ಮಾತಾಡು!
ಬೆನ್ನಿಗೆ ಗಂಟು, ಕೈಗೆ ಕೋಲು,
ನೀನು ಮನುಷ್ಯಳೆಂದು ಡಸ್ಟರಿಗೆ ಹೇಗೆ ಗೊತ್ತಾಗಬೇಕು?”

ಇಪ್ಪತ್ತೆರಡು ವರ್ಷದ ನನ್ನ ಇಂಗ್ಲಿಷು
ಮೊದಲ ಸ್ಟಾಪಿನಲ್ಲೇ ಇಳಿದುಹೋಯಿತು.
“ಊಟ ಆತೇನು?” ಅಂದೆ ಕುದುರೆಗೆ.
ಒಂದು ಕಿವಿ ಇತ್ತ ತಿರುಗಿತು.
ಮುಂದೇನು ಕೇಳುವುದು? ಹೆಂಡಿರು ಮಕ್ಕಳು?
ಗದಗಿನ ಸಂತೆ ನೆನಪಾಯಿತು, “ಹಾದಿ ಬಿಡ್ರೀ” ಎಂಬ ಕೂಗು,
ಅದು ಮೂಟೆ ಹೊತ್ತವನ ಹಕ್ಕು,
ಸಾಹುಕಾರನೂ ಸರಿಯುತ್ತಿದ್ದ.
ನಾನು ಇಳಿಜಾರಿನ ಕಡೆ ಹುಲ್ಲಿಗೆ ಸರಿದು
ಬಾಯಿಗೆ ಬಂದದ್ದನ್ನು ಶುರುಮಾಡಿದೆ:

ಹದಿನೇಳೊಂದ್ಲೆ ಹದಿನೇಳು
ಹದಿನೇಳೆರಡ್ಲೆ ಮೂವತ್ನಾಕು
ಹದಿನೇಳ್ಮೂರ್ಲೆ ಐವತ್ತೊಂದು

ಎರಡನೇ ಕಿವಿಯೂ ತಿರುಗಿತು.
ಕಂದು ಹೊಟ್ಟೆಯ ಪಕ್ಕೆ ಏರಿ ಇಳಿಯುವುದು ನಿಧಾನವಾಯಿತು.
ಹುಡುಗ ಸೈಕಲ್ಲನ್ನು ನೆಲಕ್ಕೆ ಮಲಗಿಸಿ
ತಾನೂ ಕುಕ್ಕರಗಾಲಲ್ಲಿ ಕೂತ.
ಒಂದೊಂದೇ ಗೊರಸು, ಒದ್ದೆ ಸೂಜಿ ಎಲೆಗಳ ಮೇಲೆ,
ಚರ್ಮದ ಜೀನು ಕಿರುಗುಟ್ಟುತ್ತ,
ನನ್ನ ಭುಜಕ್ಕೆ ಅದರ ಉಸಿರಿನ ಬಿಸಿ ತಾಗುವಾಗ
ನಾನು ಹದಿನೇಳೇಳ್ಲೆ ನೂರಾ ಹತ್ತೊಂಬತ್ತರಲ್ಲಿದ್ದೆ.

ಹದಿನೇಳೆಂಟ್ಲೆ...

ಅಲ್ಲೇ ನಿಂತೆ. ಯಾವಾಗಲೂ ಅಲ್ಲೇ ನಿಲ್ಲುತ್ತಿದ್ದೆ,
ಜಂಬಣ್ಣ ಮಾಸ್ತರು ಬೆತ್ತ ಹುಡುಕುವಷ್ಟು ಹೊತ್ತು.
ಕುದುರೆ ಕಾಯಲಿಲ್ಲ, ದಾಟಿಹೋಯಿತು.
ಹೆಂಗಸು ತಿರುಗದೆಯೇ ಎರಡು ಬೆರಳೆತ್ತಿದಳು,
ಎದುರು ಬಸ್ಸಿನವರು ಸ್ಟಿಯರಿಂಗಿನಿಂದ ಎತ್ತುವ ಹಾಗೆ.
ನಾನೂ ಎತ್ತಿದೆ, ಅವಳಿಗೆ ಕಾಣಲಿಲ್ಲ.

“ಪ್ರಾರ್ಥನೆಯಾ ಅದು?” ಹುಡುಗ ಕೇಳಿದ.
“ಗಣಿತ,” ಅಂದೆ.
ಅವನು ನಗಲಿಲ್ಲ, ಕೆನ್ನೆ ಕೆಂಪಾಗಿತ್ತು.
“ನೀವು ಮೊದಲು” ಎಂದು ಕೈ ತೋರಿಸಿದ, ಹಲಗೆಯಲ್ಲಿದ್ದಂತೆ.
ನನಗೋ ರೂಢಿ, ಚಿಕ್ಕ ಗಾಡಿ ಮುಂದೆ ಹೋಗಲೆಂದು ನಿಂತಿದ್ದೆ.
ಹೀಗೆ ಇಬ್ಬರೂ ಕೊಂಚ ಹೊತ್ತು
ಖಾಲಿ ಹಾದಿಯ ಎರಡೂ ಬದಿಗೆ.

ಮೂರು ಮೈಲಿ ಸುತ್ತಿ, ಅವಲಕ್ಕಿ ತಿಂದು,
ಗೇಟಿನ ಚಿಲಕಕ್ಕೆ ಕೈ ಹಾಕಿದಾಗ
ತಾನಾಗಿ ಬಂತು: ನೂರಾ ಮೂವತ್ತಾರು!
ಗಟ್ಟಿಯಾಗಿಯೇ ಹೇಳಿ ಹಿಂತಿರುಗಿದೆ.
ಹಾದಿಯಲ್ಲಿ ಯಾರೂ ಇಲ್ಲ.
ಕುದುರೆ ಸಾಗಿಸುವ ಗಾಡಿ ಹೊರಟುಹೋಗಿತ್ತು,
ಅದು ನಿಂತಿದ್ದಲ್ಲಿ ಲದ್ದಿ,
ಇನ್ನೂ ಹಬೆಯಾಡುತ್ತ.