ಕಡ್ಡಿ

ಹದಿನೈದು ಜನ ಪಂಚರು, ಅಬರ್ಡೀನಿನ ಕೋರ್ಟಿನಲ್ಲಿ.
ನಾನು ಹನ್ನೊಂದನೆಯವಳು. ಪೀಟರ್‌ಹೆಡ್ ಬಂದರಿನಲ್ಲಿ
ಹ್ಯಾಡಕ್ ಮೀನು ಸೀಳುವುದು ನನ್ನ ಕೆಲಸ.
ಎಷ್ಟು ತೊಳೆದರೂ ಬೆರಳ ಸಂದಿಯಲ್ಲಿ ವಾಸನೆ;
ಪಕ್ಕದ ಬ್ಯಾಂಕಿನವನು ಕುರ್ಚಿ ಸರಿಸಿ ಕೂತ.

ಕಟಕಟೆಯಲ್ಲಿ ಲೆಸ್ಲಿ ಕೌವಿ. ಇಪ್ಪತ್ತೆರಡು ವರ್ಷ,
ಯಾರದೋ ಕೋಟು, ತೋಳು ಉದ್ದ.
ಅವನಿಗಿನ್ನೂ ಆರೋಪಿ ಎಂದೇ ಹೆಸರು.
ಅಪರಾಧಿ ಎಂಬ ಮಾತು
ಬಂದರೆ ನಮ್ಮ ಬಾಯಿಂದಲೇ ಬರಬೇಕು.

ಸುಟ್ಟದ್ದು ಬಲೆಗಳ ಶೆಡ್ಡು. ನವೆಂಬರಿನ ರಾತ್ರಿ,
ಮಾಲೀಕ ಅವನನ್ನು ಕೆಲಸದಿಂದ ಕಿತ್ತುಹಾಕಿದ ಮೂರನೇ ದಿನ.
ಕಡ್ಡಿ ಗೀರಿದ್ದು ಹೌದು ಎಂದ.
ಸಿಗರೇಟಿಗೆ, ಎಂದ.

ನಾನು ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಅಲ್ಲಿಂದಲೇ ಶುರು.
ಶೆರಿಫ್ ಕನ್ನಡಕ ತೆಗೆದು ನಿಧಾನವಾಗಿ ಹೇಳಿದರು:
ಕೈ ಮಾಡಿದ್ದು ಕೃತ್ಯ. ಕೈಯ ಹಿಂದಿದ್ದದ್ದು ಮನಸ್ಸು.
ಬೇಕೆಂದೇ ಹಚ್ಚಿದರೆ ಒಂದು ಅಪರಾಧ,
ಆದದ್ದಾಗಲಿ ಎಂದು ಎಸೆದರೆ ಇನ್ನೊಂದು,
ಕೈತಪ್ಪಿ ಬಿದ್ದಿದ್ದರೆ ಯಾವುದೂ ಅಲ್ಲ.

ಮೂರಕ್ಕೂ ಬೆಂಕಿಯ ಬಣ್ಣ ಒಂದೇ.

ನನಗೆ ನನ್ನ ಚಾಕು ನೆನಪಾಯಿತು.
ಇಷ್ಟು ವರ್ಷ ಸೀಳಿದ ಯಾವ ಮೀನಿಗೂ ನಾನು ಮನಸ್ಸು ಕೊಟ್ಟದ್ದಿಲ್ಲ.
ಒಮ್ಮೆ ಮಾತ್ರ, ಫೋರ್‌ಮನ್ ಬೆನ್ನು ತಿರುಗಿಸಿ ನಿಂತಿದ್ದಾಗ,
ಕೈ ಸುಮ್ಮನಿತ್ತು,
ಮನಸ್ಸು ಸುಮ್ಮನಿರಲಿಲ್ಲ.
ಅದಕ್ಕೆ ಯಾವ ಕೋರ್ಟೂ ನನ್ನನ್ನು ಕರೆದಿಲ್ಲ.

ಸರ್ಕಾರಿ ವಕೀಲರು ಕಡ್ಡಿಯನ್ನು ಗುಡ್ಡ ಮಾಡಿದರು.
ಅವನ ವಕೀಲೆ ಗುಡ್ಡವನ್ನು ಮತ್ತೆ ಕಡ್ಡಿ ಮಾಡಿ ಮೇಜಿನ ಮೇಲಿಟ್ಟಳು.
ರುಜುವಾತಿನ ಹೊರೆ ಸರ್ಕಾರದ ಹೆಗಲಿಗಂತೆ;
ಲೆಸ್ಲಿ ತುಟಿ ಬಿಚ್ಚದಿದ್ದರೂ ನಡೆಯುತ್ತಿತ್ತಂತೆ.
ಒಂದೇ ಸಾಕ್ಷಿ ನಮ್ಮ ನಾಡಿನಲ್ಲಿ ಸಾಲದು.
"ಸುಟ್ಟುಬಿಡ್ತೀನಿ" ಎಂದದ್ದನ್ನು ಕೇಳಿದವಳು
ಬಾರಿನ ಜೆಸ್ಸಿ ಬುಕನ್ ಒಬ್ಬಳೇ.
ಎರಡನೆಯ ಕಿವಿ ಸಿಗಲಿಲ್ಲ.

ಬಾಗಿಲು ಹಾಕಿಕೊಂಡ ಮೇಲೆ ಒಳಗೆ ಆಡಿದ್ದನ್ನು
ಗಂಡನಿಗೂ ಹೇಳುವಂತಿಲ್ಲ.
ಬೆಂಕಿಯಿಲ್ಲದೆ ಹೊಗೆಯಾಡುತ್ತದೆಯೇ ಎಂದರು ಯಾರೋ.
ಇಷ್ಟನ್ನೂ ಹೇಳಬಾರದಿತ್ತು.

ಆ ಕಾಲಕ್ಕೆ ನಮ್ಮಲ್ಲಿ ಮೂರು ತೀರ್ಪುಗಳಿದ್ದವು.
ಅಪರಾಧಿ. ಅಪರಾಧಿಯಲ್ಲ.
ಇನ್ನೊಂದು: ಸಾಬೀತಾಗಿಲ್ಲ.
ಕಡ್ಡಿ ಮುರಿದ ಹಾಗೆ ಹೇಳಬೇಕಾದ ಕಡೆ
ನಾವು ಕಡ್ಡಿಯನ್ನು ಮುರಿಯದೆ ಹಾಗೇ ಇಟ್ಟು ಬಂದೆವು.

ಈಗ ಲೆಸ್ಲಿ ನಮ್ಮದೇ ಬಂದರಿನಲ್ಲಿ ಐಸ್ ಹೊರುತ್ತಾನೆ.
ನನ್ನ ಗುರುತಿದೆಯೋ ಇಲ್ಲವೋ.
ಊಟದ ಹೊತ್ತಿಗೆ ಜೇಬು ತಡಕುತ್ತ ಬರುತ್ತಾನೆ,
"ಕಡ್ಡಿ ಇದೆಯಾ?"
ಇರುತ್ತದೆ. ಕೊಡುತ್ತೇನೆ.
ಗೀರಿ, ಹಚ್ಚಿಕೊಂಡು, ಅತ್ತ ಎಸೆಯುತ್ತಾನೆ.
ಒದ್ದೆ ನೆಲದ ಮೇಲೆ ಅದು ಪೂರ್ತಿ ಆರುವವರೆಗೂ
ನಾನು ನೋಡುತ್ತ ನಿಂತಿರುತ್ತೇನೆ.