ಟೇಪು ಹಚ್ಚಿದ ದೀಪ

ಕೀಲಿ ಅರ್ಧ ತಿರುವು, ನಿಲ್ಲು.
ಹಳದಿ ಸುರುಳಿ ಮೂಡತೈತಿ ನೋಡು, ಚಕ್ಕುಲಿ ಹಂಗ,
ಅದು ಆರೋತನಕ ಅವಸರ ಬ್ಯಾಡ —
ಇವರು ಕಲಿಸಿದ ಮೊದಲ ಪಾಠ ಇದು.

ಬೆಳಗಿನ ನಾಲ್ಕು. ಮಂಡಕ್ಕಿ ಭಟ್ಟಿಯ ಬೀದಿಯಲ್ಲಿ
ಕಾದ ಮರಳಿನ ಸದ್ದು ಇನ್ನೂ ನಿಂತಿಲ್ಲ.
ಹಿಂದೆ ಅರವತ್ತು ಚೀಲ ಕಟ್ಟಿದೆ,
ಒಂದೊಂದೂ ನನ್ನೆತ್ತರ, ನನ್ನ ಮೊಮ್ಮಗಳಿಗಿಂತ ಹಗುರ.
'ಕಬ್ಬಿಣ ಹೇರಿದೋನು ರಸ್ತೆಗೆ ಹೆದರಬೇಕು,
ಮಂಡಕ್ಕಿ ಹೇರಿದೋನು ಗಾಳಿಗೆ' ಅನ್ನುತ್ತಾರೆ.
ಟೈರಿಗೆ ಗಾಳಿ ಹೆಚ್ಚು ಹೊಡೆಸಬಾರದಂತೆ,
ಹೊಡೆಸಿದರೆ ವ್ಯಾನು ಕುರಿಮರಿ ಹಾಗೆ ಕುಣಿಯುತ್ತದಂತೆ.
ನಿಜ. ಒಮ್ಮೆ ಕುಣಿಸಿದ್ದೇನೆ.

ಆರ್‌ಟಿಓ ಆಫೀಸಿನ ಗೋಡೆಯ ಅಕ್ಷರಗಳಲ್ಲಿ
ಮೂರನೇ ಸಾಲಿಗೇ ಇವರು ನಿಂತುಬಿಟ್ಟರು.
ಸಕ್ಕರೆ ಕಣ್ಣಿಗಿಳಿದಿದೆ ಎಂದರು ಡಾಕ್ಟರು.
'ಹೋದ ಮೊಹರಮ್ಮಿನಿಂದ ಸ್ವಲ್ಪ ಮಬ್ಬು, ಅಷ್ಟೇ' ಎಂದರು ಇವರು.
ಐವತ್ತೆರಡನೇ ವಯಸ್ಸಿಗೆ ನಾನು ಎಲ್ ಬೋರ್ಡು ಕಟ್ಟಿದೆ.
ಭಟ್ಟಿಯ ಹುಡುಗರು ನಕ್ಕರು. ನಗಲಿ,
ಅವರ ಚೀಲ ಜಗಳೂರು ಮುಟ್ಟಬೇಕಲ್ಲ.

ಈಗ ಇವರದು ಕ್ಲೀನರ್ ಸೀಟು.
ಕಿವಿಯಲ್ಲೇ ಗಾಡಿ ಓಡಿಸುತ್ತಾರೆ:
'ಮೂರಕ್ಕೆ ಹಾಕು, ಅಳಾಕತ್ತೈತಿ.'
'ಕ್ಲಚ್ ಮ್ಯಾಲಿಂದ ಕಾಲು ತೆಗಿ.'
'ಬೆಲ್ಟು ಕಿರುಗುಡತೈತಿ, ನಾಳೆ ತಿಪ್ಪೇಶಿ ಹತ್ರ ಬಿಗಿ ಮಾಡಿಸು.'
ನಾನೋ ದೀಪಗಳನ್ನು ನಂಬಿದವಳು.
ಕೆಂಪು ಗಿಂಡಿ, ತುದಿಯಲ್ಲೊಂದು ಹನಿ,
ವಜೂ ಮಾಡುವ ಗಿಂಡಿಯಂಥದ್ದೇ,
ಅದು ಹತ್ತಿದರೆ ಅಲ್ಲೇ ನಿಲ್ಲಿಸಬೇಕು,
ಆಯಿಲ್ ನೋಡದೆ ಒಂದು ಮಾರೂ ಮುಂದೆ ಹೋಗಬಾರದು.
ಡೀಸೆಲ್ ಮುಳ್ಳು ಮಾತ್ರ ಸುಳ್ಳುಗಾರ,
ಟ್ಯಾಂಕು ಬತ್ತಿದರೂ ಅರ್ಧ ಎನ್ನುತ್ತದೆ,
ಅದಕ್ಕೇ ಒಂದು ನೋಟ್‌ಬುಕ್ಕು, ಕಿಲೋಮೀಟರಿನ ಲೆಕ್ಕ.
ನೋಟ್‌ಬುಕ್ಕಿನಲ್ಲಿ ಇವರ ಅಂಕಿಗಳು
ಪುಟದಿಂದ ಪುಟಕ್ಕೆ ದಪ್ಪವಾಗುತ್ತ ಬಂದಿವೆ.
ಪೆನ್ನು ಬದಲಾಗಿರಬೇಕು ಅಂದುಕೊಂಡಿದ್ದೆ.

ಬಿಳಿಚೋಡು ದಾಟಿದ ಮೇಲೆ ಕತ್ತಲೆ ಗಟ್ಟಿ.
ಗಾಳಿಗಿರಣಿಗಳ ಕೆಂಪು ಚುಕ್ಕಿ ದೂರದಲ್ಲಿ ಹತ್ತಿ ಆರುತ್ತವೆ.
ಎದುರಿನ ಲಾರಿ ಕಣ್ಣು ಮಿಟುಕಿಸಿತು, ಒಮ್ಮೆ, ಎರಡು ಸಲ,
ಆಮೇಲೆ ಉದ್ದಕ್ಕೆ ಹಾರ್ನು.
ಪಕ್ಕದಲ್ಲಿ ಹಾದುಹೋಗುವಾಗ ಬೈದದ್ದೂ ಕೇಳಿತು,
ಅದರಲ್ಲಿ ನನ್ನ ಅತ್ತೆಯೂ ಇದ್ದರು.
'ಈ ರೋಡಿನವರಿಗೆ ಮೊದಲಿಂದ ಪೊಗರು' ಎಂದರು ಇವರು.

ಮೀಟರಿನ ಮೂಲೆಯಲ್ಲಿ ಕರಿ ಟೇಪಿನ ತುಂಡು.
'ಅದು ಕೆಟ್ಟ ದೀಪ, ಬಿಡು' ಎಂದಿದ್ದರು ಮೊದಲ ದಿನವೇ.
ನೇರ ದಾರಿ, ಖಾಲಿ ದಾರಿ,
ಉಗುರು ಸುಮ್ಮನಿರಲಿಲ್ಲ.
ಎಬ್ಬಿದೆ.
ಒಳಗೆ ನೀಲಿ. ನವಿಲುಗರಿಯ ಕಣ್ಣಿನ ನೀಲಿ.
ಕೆಟ್ಟದ್ದಲ್ಲ, ನಮ್ಮ ವ್ಯಾನಿನಲ್ಲಿ ಅಷ್ಟು ನೆಟ್ಟಗೆ ಉರಿಯುವ
ಇನ್ನೊಂದು ದೀಪವೇ ಇಲ್ಲ.

ಹೈಬೀಮು.
ಎಲ್ಲರ ಕಣ್ಣಿಗೂ ಹೊಡೆಯುತ್ತ
ಅದೆಷ್ಟು ರಾತ್ರಿ ಈ ರಸ್ತೆಯಲ್ಲಿ ಹೋಗಿದ್ದೇವೆ.
ಟೇಪಿನ ಅಂಟು ಒಣಗಿ ಪುಡಿಯಾಗಿತ್ತು,
ಒಂದು ಮೊಹರಮ್ಮಿನ ಅಂಟಲ್ಲ ಅದು,
ಮೂರೋ, ನಾಲ್ಕೋ.

ಕಡ್ಡಿ ಹಿಡಿದು ಕೆಳಗೆಳೆದೆ.
ರಸ್ತೆ ನಮ್ಮ ಹತ್ತಿರಕ್ಕೆ ಬಂದು ಕೂತಿತು.
ನನಗೆ ಸಾಕಷ್ಟು ಕಾಣುತ್ತಿತ್ತು:
ಬಿಳಿ ಗೆರೆ, ಜಾಲಿ, ಮೈಲಿಗಲ್ಲು.
ಇವರು ಎರಡೂ ಕೈಯಲ್ಲಿ ಡ್ಯಾಶ್‌ಬೋರ್ಡು ಹಿಡಿದುಕೊಂಡರು.
'ಲೈಟು ಯಾಕ ಹೋತು?'

ಕೇಳಬೇಕಾದದ್ದು ಬಹಳ ಇತ್ತು,
ಮಗಳನ್ನೂ ಮೊಮ್ಮಗಳನ್ನೂ ಕೂರಿಸಿಕೊಂಡು
ಇದೇ ದಾರಿಯಲ್ಲಿ ಹೋದ ರಾತ್ರಿಯ ಸಂಗತಿ ಸೇರಿ.
'ಹೋಗಿಲ್ಲ, ಎದುರಿಗೆ ಗಾಡಿ ಬರಾಕತ್ತೈತಿ' ಎಂದೆ.
ಯಾವ ಗಾಡಿಯೂ ಇರಲಿಲ್ಲ.
ಹತ್ತು ಎಣಿಸಿ ಮೇಲೆತ್ತಿದೆ.
ನೀಲಿ ಹತ್ತಿತು, ಇವರ ಕೈ ಸಡಿಲಾಯಿತು.

ಆಮೇಲೆ ದಾರಿಯುದ್ದಕ್ಕೂ ಅದೇ ಕೆಲಸ:
ಎದುರಿಗೆ ಬೆಳಕು ಕಂಡರೆ ಇಳಿಸು,
ದಾಟಿದರೆ ಏರಿಸು.
ಇಳಿಸುವ ಮೊದಲು 'ಗಾಡಿ ಬಂತು' ಅನ್ನುತ್ತಿದ್ದೆ,
ಇವರು 'ಹ್ಞೂಂ' ಅನ್ನುತ್ತಿದ್ದರು.
ಟೇಪಿನ ತುಂಡು
ಜಗಳೂರಿನವರೆಗೂ ಹೆಬ್ಬೆರಳಿಗೇ ಅಂಟಿಕೊಂಡಿತ್ತು.